ಹೆದ್ದಾರಿಯಲ್ಲಿ ತಲೆಯೆಣಿಕೆ

ಹತ್ತು ವರ್ಷಗಳ ಹಿಂದೆ ಕಾಸರಗೋಡು ಬಿಟ್ಟು ಪರವೂರಿಗೆ ಹೋದವರು ಇಂದು ಮರಳಿ ಬಂದು ತಲಪಾಡಿಯ ದಾರಿ ಹಿಡಿದರೆ, ತಮ್ಮ ಊರಿನ ತಿರುವು ಯಾವುದೆಂದು ತಿಳಿಯದೆ ತಬ್ಬಿಬ್ಬಾಗುವುದು ಖಂಡಿತ. ಎರಡೂ ಬದಿಯ ಸಾಲುಮರಗಳು, ರಸ್ತೆಗೆ ಮೈತಾಗಿಸಿ ನಿಂತಿದ್ದ ಚಹಾದಂಗಡಿಗಳು, ಹೆಂಚಿನ ಮಾಡಿನ ಅಡಿಕೆ ವ್ಯಾಪಾರದ ಮಳಿಗೆಗಳು ಇವೆಲ್ಲ ಮರೆಯಾಗಿ, ನಲವತ್ತೈದು ಮೀಟರ್ ಅಗಲದ ಜಾಗದಲ್ಲಿ ಷಟ್ಪಥ ಹೆದ್ದಾರಿ ಚಾಚಿಕೊಂಡಿದೆ. ಹಿಂದೆ ರಾಷ್ಟ್ರೀಯ ಹೆದ್ದಾರಿ ೧೭ ಎನಿಸಿಕೊಂಡಿದ್ದ ಈ ದಾರಿಗೆ ಈಗ ೬೬ರ ಸಂಖ್ಯೆ. ತಲಪಾಡಿಯಿಂದ ಚೆಂಗಳದವರೆಗಿನ ೩೯ ಕಿಲೋಮೀಟರಿನ ಭಾಗವನ್ನು ಕಟ್ಟುವ ಹೊಣೆ ಹೊತ್ತದ್ದು ಊರಾಳುಂಗಲ್ ಕಾರ್ಮಿಕರ ಸಹಕಾರಿ ಸಂಘ. ೧೯೨೫ರಲ್ಲಿ, ಮಲಬಾರಿನ ಒಂದು ಹಳ್ಳಿಯಲ್ಲಿ, ಕೆಲಸವಿಲ್ಲದೆ ಕುಳಿತ ಕೂಲಿಯಾಳುಗಳು ತಾವೇ ಕೂಡಿ ಆರಂಭಿಸಿದ ಸಂಘವದು. ಕೂಡಿ ದುಡಿದವರು ಕಟ್ಟಿದ ದಾರಿಯಲ್ಲಿ ನಾವು ಕೂಡಿ ಹೋಗುವುದನ್ನು ಮರೆಯುತ್ತಿದ್ದೇವೆಯೇ ಎಂಬ ಪ್ರಶ್ನೆಯೇ ಈ ಬರಹಕ್ಕೆ ಕಾರಣ.

ಕಾಸರಗೋಡಿನಲ್ಲಿ ಬೆಳಗಿನ ಮಂಗಳೂರು ಬಸ್ಸು ಹತ್ತಿ ಕಿಟಕಿಯ ಬದಿಯ ಆಸನ ಹಿಡಿದವನಿಗೆ ಈ ದಾರಿಯ ಲೋಕವ್ಯಾಪಾರವೆಲ್ಲ ಕಣ್ಣಿಗೆ ಬೀಳುತ್ತದೆ. ಒಂಟಿ ಕಂಬಗಳ ಸಾಲಿನ ಮೇಲೆ ಎದ್ದು ನಿಂತ ಮೇಲ್ಸೇತುವೆಯನ್ನು ಹಿಂದೆ ಬಿಟ್ಟು, ಅಡ್ಕತ್ತಬೈಲು, ಚೌಕಿ ದಾಟಿ, ಮೊಗ್ರಾಲಿನ ಹೊಳೆಯ ಮೇಲೆ ಸಾಗಿದರೆ ಕುಂಬಳೆ. ಅಲ್ಲಿ ಬದಿಯಡ್ಕ, ಪೆರ್ಲಗಳ ಕಡೆಯಿಂದ ಬಂದವರು ಏರಿಕೊಳ್ಳುತ್ತಾರೆ. ಮುಂದೆ ಆರಿಕ್ಕಾಡಿ, ಶಿರಿಯಾ ಹೊಳೆ, ಬಂದ್ಯೋಡು, ಉಪ್ಪಳ, ಹೊಸಂಗಡಿ. ಆಮೇಲೆ ರಾಷ್ಟ್ರಕವಿ ಗೋವಿಂದ ಪೈಗಳ ಮಂಜೇಶ್ವರ. ಕುಂಜತ್ತೂರು ಕಳೆದರೆ ತಲಪಾಡಿಯ ಗಡಿ. ಒಂದೊಂದು ನಿಲ್ದಾಣದಲ್ಲೂ ಬಸ್ಸು ಬದಿಯ ಸರ್ವಿಸ್ ರಸ್ತೆಯಲ್ಲಿ ತಡವರಿಸುತ್ತ, ಆಟೋ, ಸ್ಕೂಟರುಗಳ ನಡುವೆ ನುಸುಳುತ್ತ ಜನರನ್ನು ಹತ್ತಿಸಿಕೊಳ್ಳುತ್ತದೆ. ಅದೇ ಹೊತ್ತಿನಲ್ಲಿ ನಡುವಣ ವಿಶಾಲ ಪಥಗಳಲ್ಲಿ ಕಾರುಗಳು ಗಾಳಿಯಂತೆ ಹಾದುಹೋಗುತ್ತವೆ. ಆ ಕಾರುಗಳೊಳಗೆ ಕಣ್ಣು ಹಾಯಿಸಿದರೆ ಹಲವದರಲ್ಲಿ ಚಾಲಕನೊಬ್ಬನೇ. ಐವರು ಕೂರಬಹುದಾದ ಬಂಡಿಯಲ್ಲಿ ನಾಲ್ಕು ಆಸನಗಳು ಬರಿದಾಗಿಯೇ ಗಡಿ ದಾಟುತ್ತವೆ. ಇತ್ತ ಬಸ್ಸಿನಲ್ಲಿ ಕಾಲೂರಲು ಸ್ಥಳವಿಲ್ಲ.

ಗಡಿನಾಡಿನ ನಮಗೆ ಈ ದಾರಿ ಬರಿಯ ದಾರಿಯಲ್ಲ. ೧೯೫೬ರ ನವೆಂಬರ್ ಒಂದರಂದು ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ೧೯೮೪ರಲ್ಲಿ ಪ್ರತ್ಯೇಕ ಜಿಲ್ಲೆಯೂ ಆಯಿತು. ಆಡಳಿತದ ಗೆರೆ ಬದಲಾದರೂ ಬದುಕಿನ ಹಾದಿ ಬದಲಾಗಲಿಲ್ಲ. ದೊಡ್ಡ ಆಸ್ಪತ್ರೆ ಮಂಗಳೂರಿನಲ್ಲಿ, ಮಕ್ಕಳ ಕಾಲೇಜು ಮಂಗಳೂರಿನಲ್ಲಿ, ಮದುವೆಯ ಜವಳಿ ಮಂಗಳೂರಿನಲ್ಲಿ, ನೆಂಟರಿಷ್ಟರ ಅರ್ಧ ಭಾಗವೂ ಹೊಳೆಯಾಚೆಯೇ. ಆ ದಾರಿ ಕಡಿದರೆ ಏನಾಗುತ್ತದೆಂಬುದನ್ನು ೨೦೨೦ರ ಮಾರ್ಚಿಯಲ್ಲಿ ನಾವು ಕಂಡಿದ್ದೇವೆ. ಸಾಂಕ್ರಾಮಿಕದ ಭಯದಿಂದ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆ ಸೇರಲಾಗದೆ ರೋಗಿಗಳು ಪ್ರಾಣಬಿಟ್ಟರು. ವ್ಯಾಜ್ಯ ಕೇರಳದ ಉಚ್ಚ ನ್ಯಾಯಾಲಯಕ್ಕೂ, ಅಲ್ಲಿಂದ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. ಆದುದರಿಂದ, ಈ ದಾರಿಯಲ್ಲಿ ಯಾರು ಹೇಗೆ ಹೋಗುತ್ತಾರೆ, ಯಾರಿಗೆ ಮೊದಲ ಮರ್ಯಾದೆ ಎಂಬುದು ನಮಗೆ ಕುತೂಹಲದ ವಿಷಯ ಮಾತ್ರವಲ್ಲ, ಅಳಿವು ಉಳಿವಿನ ವಿಷಯವೂ ಹೌದು.

ಕೂಡಿ ಪಯಣಿಸುವುದು ನಮ್ಮವರಿಗೆ ಹೊಸತೇ? ಸೇತುವೆಗಳಿಲ್ಲದ ಕಾಲದಲ್ಲಿ ಕಡವಿನ ದೋಣಿಯೇ ಗತಿಯಾಗಿತ್ತು. ಒಬ್ಬನಿಗಾಗಿ ಅಂಬಿಗ ಹುಟ್ಟು ಹಾಕುತ್ತಿರಲಿಲ್ಲ; ನಾಲ್ಕು ಜನ ಕೂಡುವವರೆಗೆ ದಡದಲ್ಲಿ ಕುಳಿತು ಎಲೆಯಡಿಕೆ ಮೆಲ್ಲುತ್ತ ಊರ ಸುದ್ದಿ ಮಾತನಾಡುವುದು ಪ್ರಯಾಣದ ಒಂದು ಅಂಗವೇ ಆಗಿತ್ತು. ಆಮೇಲೆ ಸರ್ವಿಸ್ ಕಾರುಗಳ ಕಾಲ ಬಂತು. ಕಪ್ಪು ಅಂಬಾಸಿಡರ್ ಕಾರಿನ ಮುಂದಿನ ಆಸನದಲ್ಲಿ ಚಾಲಕನನ್ನೂ ಸೇರಿಸಿ ನಾಲ್ವರು, ಹಿಂದೆ ಐದಾರು ಮಂದಿ, ಮಡಿಲಲ್ಲಿ ಮಕ್ಕಳು! ಬಸ್ಸು ಹೋಗದ ಗುಡ್ಡದ ದಾರಿಗಳಲ್ಲಿ ಸರ್ವಿಸ್ ಜೀಪುಗಳು ಅದೇ ಕೆಲಸ ಮಾಡಿದುವು. ಅದು ಸುರಕ್ಷಿತವೆಂದು ಯಾರೂ ಹೇಳಲಾರರು; ಆದರೆ ಒಂದು ಬಂಡಿ ಹೊರಟಿತೆಂದರೆ ಅದು ತುಂಬಿಯೇ ಹೊರಡಬೇಕು ಎಂಬ ಲೆಕ್ಕಾಚಾರ ಅದರಲ್ಲಿತ್ತು. ಅಂದು ಬಡತನ ಕಲಿಸಿದ ಆ ಲೆಕ್ಕವನ್ನು ಸಂಪತ್ತಿನ ನಾಡಾದ ಅಮೆರಿಕವು ಕಾನೂನು ಮಾಡಿ ರಸ್ತೆಯ ಮೇಲೆ ಬರೆದಿದೆಯೆಂದರೆ ಅಚ್ಚರಿಯಾಗಬಹುದು.

ಕ್ಯಾಲಿಫೋರ್ನಿಯದಲ್ಲಿ ನೆಲೆಸಿದ ಮಗನ ಮನೆಗೋ ಮಗಳ ಮನೆಗೋ ಹೋಗಿಬಂದ ಹಿರಿಯರು ನಮ್ಮಲ್ಲಿ ಈಗ ಕಡಿಮೆಯಿಲ್ಲ. ವಿಮಾನ ನಿಲ್ದಾಣದಿಂದ ಮನೆಗೆ ಹೋಗುವಾಗ ಎಲ್ಲ ಪಥಗಳಲ್ಲೂ ಕಾರುಗಳು ಆಮೆಯಂತೆ ತೆವಳುತ್ತಿದ್ದರೂ, ಎಡತುದಿಯ ಒಂದು ಪಥ ಮಾತ್ರ ತೆರವಾಗಿ ಓಡುತ್ತಿರುವುದನ್ನು ಅವರು ಕಂಡಿರುತ್ತಾರೆ. “ನೀವು ಜೊತೆಗಿರುವುದರಿಂದ ನಮಗೆ ಇಂದು ಆ ದಾರಿಯಲ್ಲಿ ಹೋಗಬಹುದು, ಅಪ್ಪ” ಎಂದು ಮಗ ನಕ್ಕು ಹೇಳುವುದುಂಟು. ನಿವೃತ್ತರಾದ ಮೇಲೆ ತಮ್ಮನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದು ಕೊರಗುವ ತಂದೆಗೆ ಇದಕ್ಕಿಂತ ದೊಡ್ಡ ಮನ್ನಣೆ ಬೇಕೇ! ಅದನ್ನೇ ಅಲ್ಲಿ ಕಾರ್‌ಪೂಲ್ ಲೇನ್ ಎನ್ನುವರು. ನಾವು ಅದನ್ನು ಕೂಡುಪಥ ಎಂದು ಕರೆಯೋಣ.

ಕೂಡುಪಥದ ನಿಯಮ ಸರಳವಾದುದು. ಗೊತ್ತುಪಡಿಸಿದ ಸಂಖ್ಯೆಯ ಜನರಿರುವ ವಾಹನಗಳಿಗೆ ಮಾತ್ರ ಅಲ್ಲಿ ಪ್ರವೇಶ. ಕೆಲವೆಡೆ ಇಬ್ಬರು ಸಾಕು, ಕೆಲವೆಡೆ ಮೂವರು ಬೇಕು. ಮಡಿಲ ಕೂಸೂ ಒಂದು ತಲೆಯೇ. ಬಸ್ಸುಗಳಿಗೆ ಸದಾ ಸ್ವಾಗತ. ತೆವಳುವ ಕಾರುಗಳ ನಡುವೆ ಸಿಕ್ಕಿಕೊಂಡರೆ ಅಪಾಯವೆಂದು ಮೋಟಾರು ಸೈಕಲ್ಲಿಗೂ ಅವಕಾಶವಿದೆ. ನೆಲದ ಮೇಲೆ ವಜ್ರಾಕೃತಿಯ ಬಿಳಿಯ ಗುರುತು, ಪಕ್ಕದಲ್ಲಿ ಫಲಕ, ಫಲಕದಲ್ಲಿ ಅನ್ವಯಿಸುವ ಹೊತ್ತು. ಕೆಲವು ಊರುಗಳಲ್ಲಿ ಬೆಳಗು ಸಂಜೆಯ ದಟ್ಟಣೆಯ ತಾಸುಗಳಲ್ಲಿ ಮಾತ್ರ, ಕೆಲವೆಡೆ ಹಗಲಿರುಳು ಈ ನಿಯಮ. ಮೀರಿದವರನ್ನು ಹಿಡಿಯುವುದು ಪೊಲೀಸರ ಕಣ್ಣೇ ಹೊರತು ಬೇರೆ ಉಪಾಯ ಬಹಳ ಕಾಲ ಇರಲಿಲ್ಲ. ಕ್ಯಾಲಿಫೋರ್ನಿಯದ ಫಲಕಗಳಲ್ಲಿ ಕನಿಷ್ಠ ದಂಡ ೪೯೦ ಡಾಲರೆಂದು ಬರೆದಿದ್ದರೂ, ಪಕ್ಕದ ಆಸನದಲ್ಲಿ ಬೊಂಬೆಗೆ ಟೊಪ್ಪಿ ತೊಡಿಸಿ ಕೂರಿಸಿ ಸಿಕ್ಕಿಬಿದ್ದ ಮಹನೀಯರಿದ್ದಾರೆ. ಮನುಷ್ಯಸ್ವಭಾವ ಎಲ್ಲ ಕಡೆಯೂ ಒಂದೇ ತಾನೆ?

ಇಂಥ ಪಥವೇಕೆ ಬೇಕಾಯಿತೆಂಬುದನ್ನು ತಿಳಿಯಲು ಸ್ವಲ್ಪ ಗಣಿತ ಮಾಡಬೇಕು. ಹೆದ್ದಾರಿಯ ಒಂದು ಪಥದಲ್ಲಿ ತಾಸಿಗೆ ಹೆಚ್ಚೆಂದರೆ ಸುಮಾರು ೨೦೦೦ ಕಾರುಗಳು ಹೋಗಬಲ್ಲವು. ಅದಕ್ಕಿಂತ ಹೆಚ್ಚು ಕಾರುಗಳು ನುಗ್ಗಿದರೆ ಒಂದೊಂದೂ ಬ್ರೇಕು ಒತ್ತುತ್ತ, ಇಡೀ ಸಾಲು ಕುಂಟತೊಡಗಿ, ಸಾಗುವ ಕಾರುಗಳ ಸಂಖ್ಯೆ ಇನ್ನೂ ಕುಗ್ಗುತ್ತದೆ. ಹತ್ತು ಕಾರುಗಳಲ್ಲಿ ಹನ್ನೆರಡು ಜನರಂತೆ ಹಿಡಿದರೆ ೨೦೦೦ ಕಾರುಗಳಲ್ಲಿ ೨೪೦೦ ಜನ. ಪಕ್ಕದ ಕೂಡುಪಥದಲ್ಲಿ ೧೨೦೦ ಕಾರುಗಳು ಮಾತ್ರ ಹೋಗುತ್ತವೆನ್ನೋಣ. ಒಂದೊಂದರಲ್ಲಿ ಇಬ್ಬರಾದರೂ ಅದೇ ೨೪೦೦ ಜನ. ಅದರೊಡನೆ ಐವತ್ತು ಜನರ ನಲವತ್ತು ಬಸ್ಸುಗಳು ಹೋದರೆ ಇನ್ನೂ ೨೦೦೦ ಜನ. ಅಂದರೆ, ನೋಡುವವನಿಗೆ ಅರೆಬರಿದಾಗಿ ಕಾಣುವ ಪಥವೇ ತುಂಬಿ ತುಳುಕುವ ಪಥಕ್ಕಿಂತ ಹೆಚ್ಚು ಜನರನ್ನು, ಅದೂ ಬೇಗನೆ, ಗುರಿ ಮುಟ್ಟಿಸಿರುತ್ತದೆ. ರಸ್ತೆಯನ್ನು ಗಾಲಿಗಳ ಲೆಕ್ಕದಲ್ಲಿ ಅಳೆಯದೆ ತಲೆಗಳ ಲೆಕ್ಕದಲ್ಲಿ ಅಳೆಯಬೇಕೆಂಬುದೇ ಕೂಡುಪಥದ ತತ್ತ್ವ.

ಈ ತತ್ತ್ವ ಒಂದೇ ದಿನದಲ್ಲಿ ಹೊಳೆದುದಲ್ಲ. ೧೯೬೯ರಲ್ಲಿ ವರ್ಜೀನಿಯದ ಕಡೆಯಿಂದ ವಾಷಿಂಗ್ಟನ್ನಿಗೆ ಹೋಗುವ ಶರ್ಲಿ ಹೆದ್ದಾರಿಯಲ್ಲಿ ಬಸ್ಸುಗಳಿಗಾಗಿ ಪ್ರತ್ಯೇಕ ಪಥ ಬಿಟ್ಟರು. ೧೯೭೩ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲ ನಿರ್ಬಂಧ ಹೇರಿ, ಪೆಟ್ರೋಲು ಬಂಕುಗಳ ಮುಂದೆ ಕಾರುಗಳು ಸಾಲುಗಟ್ಟಿ ನಿಂತಾಗ, ಆ ವರ್ಷದ ಡಿಸೆಂಬರಿನಲ್ಲಿ ನಾಲ್ವರಿರುವ ಕಾರುಗಳಿಗೂ ಆ ಪಥವನ್ನು ತೆರೆದರು. ಪರಿಣಾಮವಾಗಿ ಅಲ್ಲೊಂದು ವಿಚಿತ್ರ ಪದ್ಧತಿಯೇ ಹುಟ್ಟಿಕೊಂಡಿತು. ಕಚೇರಿಗೆ ಹೋಗುವವರು ಗೊತ್ತಾದ ಜಾಗದಲ್ಲಿ ಸಾಲಾಗಿ ನಿಲ್ಲುತ್ತಾರೆ. ಒಂಟಿ ಚಾಲಕ ಬಂದು ಹೋಗುವ ಊರಿನ ಹೆಸರು ಹೇಳಿ, ಬೇಕಾದಷ್ಟು ಜನರನ್ನು ಹತ್ತಿಸಿಕೊಂಡು ಹೋಗುತ್ತಾನೆ. ಹಣದ ಮಾತಿಲ್ಲ. ಇವರಿಗೆ ಬಿಟ್ಟಿ ಸವಾರಿ, ಅವನಿಗೆ ಬೇಗ ತಲಪುವ ಹಕ್ಕು. ನಮ್ಮ ಕಡವಿನ ದಡವೇ ಅಲ್ಲಿ ಡಾಮರಿನ ಮೇಲೆ ಮರುಹುಟ್ಟು ಪಡೆದಂತಿದೆ.

ಹಾಗೆಂದು ಎಲ್ಲೆಲ್ಲೂ ಈ ಪ್ರಯೋಗ ಗೆದ್ದಿತೆಂದು ತಿಳಿಯಬೇಕಾಗಿಲ್ಲ. ೧೯೭೬ರ ಮಾರ್ಚಿಯಲ್ಲಿ ಲಾಸ್ ಏಂಜಲಿಸ್ಸಿನ ಸಾಂಟಾ ಮೋನಿಕಾ ಹೆದ್ದಾರಿಯಲ್ಲಿ, ಹೊಸ ಪಥ ಕಟ್ಟುವ ಬದಲು, ಇದ್ದ ಪಥವೊಂದನ್ನೇ ಮೂವರಿರುವ ಕಾರುಗಳಿಗೆ ಮೀಸಲಿಟ್ಟರು. ನಿನ್ನೆಯವರೆಗೆ ತಮ್ಮದಾಗಿದ್ದುದನ್ನು ಕಿತ್ತುಕೊಂಡರೆಂದು ಜನ ರೇಗಿದರು. ಉಳಿದ ಪಥಗಳಲ್ಲಿ ಗೊಂದಲವೂ ಅಪಘಾತಗಳೂ ಹೆಚ್ಚಿದುವು. ಆಗಸ್ಟಿನಲ್ಲಿ ನ್ಯಾಯಾಲಯದ ತೀರ್ಪಿನಿಂದ ಪ್ರಯೋಗ ನಿಂತಿತು. ನ್ಯೂಜೆರ್ಸಿಯಲ್ಲಿ ೧೯೯೮ರಲ್ಲಿ ಎರಡು ಹೆದ್ದಾರಿಗಳ ಕೂಡುಪಥಗಳನ್ನು ಅಳಿಸಿಹಾಕಿದರು. ಸಿಂಗಾಪುರದವರು ಬೇರೆ ಉಪಾಯ ಹೂಡಿದರು: ೧೯೭೫ರಲ್ಲಿ ನಗರದ ಹೃದಯಭಾಗಕ್ಕೆ ಬೆಳಿಗ್ಗೆ ಬರುವ ಕಾರುಗಳಿಗೆ ಸುಂಕ ವಿಧಿಸಿ, ನಾಲ್ವರಿರುವ ಕಾರಿಗೆ ಮಾತ್ರ ವಿನಾಯಿತಿ ಕೊಟ್ಟರು, ೧೯೮೯ರಲ್ಲಿ ಆ ವಿನಾಯಿತಿಯನ್ನೂ ತೆಗೆದರು.

ಎಲ್ಲಕ್ಕಿಂತ ಬೋಧಪ್ರದವಾದ ಕಥೆ ಇಂಡೋನೇಷ್ಯದ ಜಕಾರ್ತ ನಗರದ್ದು. ಅಲ್ಲಿ ೧೯೯೨ರಿಂದ ಮುಖ್ಯ ಬೀದಿಗಳಲ್ಲಿ ದಟ್ಟಣೆಯ ಹೊತ್ತಿಗೆ ಮೂವರಿಲ್ಲದ ಕಾರಿಗೆ ಪ್ರವೇಶವಿರಲಿಲ್ಲ. ಬಡವರು, ಕಂಕುಳಲ್ಲಿ ಕೂಸನ್ನೆತ್ತಿಕೊಂಡ ತಾಯಂದಿರು ಬೀದಿಯಂಚಿನಲ್ಲಿ ನಿಂತು, ಸಿರಿವಂತರ ಕಾರಿನಲ್ಲಿ ತಲೆಯೆಣಿಕೆಗಾಗಿ ಕುಳಿತು ಕೂಲಿ ಪಡೆಯುವುದೇ ಒಂದು ವೃತ್ತಿಯಾಯಿತು. ನಿಯಮ ನಗೆಪಾಟಲಾಯಿತೆಂದು ೨೦೧೬ರಲ್ಲಿ ಅದನ್ನು ಕೈಬಿಟ್ಟರು. ಆಗ ತಿಳಿದದ್ದೇನು? ಆ ಬೀದಿಗಳಲ್ಲಿ ಬೆಳಗಿನ ವಿಳಂಬ ಅರ್ಧದಷ್ಟು ಹೆಚ್ಚಿತು, ಸಂಜೆಯದು ಹೆಚ್ಚುಕಡಿಮೆ ಇಮ್ಮಡಿಸಿತು. ನಿಯಮವೇ ಇಲ್ಲದಿದ್ದ ಬೇರೆ ಬೀದಿಗಳಲ್ಲೂ ದಟ್ಟಣೆ ಏರಿತು. ಓರೆಕೋರೆಯ ನಿಯಮವೂ ಒಂದಿಷ್ಟು ಕೆಲಸ ಮಾಡುತ್ತಿತ್ತೆಂಬುದು ಅದು ಹೋದ ಮೇಲಷ್ಟೆ ಗೊತ್ತಾಯಿತು.

ಇನ್ನು ನಮ್ಮ ಕನ್ನಡನಾಡಿನತ್ತ ನೋಡೋಣ. ಕಾರುಗಳಿಗಾಗಿ ಕೂಡುಪಥ ಅಲ್ಲಿ ಬಂದಿಲ್ಲವಾದರೂ, ಬಹುಜನರ ಬಂಡಿಗೆ ಬೇರೆ ದಾರಿ ಎಂಬ ತತ್ತ್ವ ಹುಬ್ಬಳ್ಳಿ ಧಾರವಾಡಗಳ ನಡುವೆ ಸಾಕಾರವಾಗಿದೆ. ರಸ್ತೆಯ ನಡುವೆ ಬಸ್ಸಿಗೆಂದೇ ಮೀಸಲಾದ ಪಥ. ಅದರಲ್ಲಿ ಓಡುವ ಬಸ್ಸಿಗೆ ಚಿಗರಿ ಎಂಬ ಮುದ್ದಾದ ಹೆಸರು. ೨೦೧೮ರಲ್ಲಿ ಓಡಾಟ ಮೊದಲಾಗಿ ೨೦೨೦ರ ಫೆಬ್ರುವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಯಾಯಿತು. ಬಸ್ಸಿನವರು ಮೆಚ್ಚಿದರು, ಪಕ್ಕದ ಇಕ್ಕಟ್ಟಿನಲ್ಲಿ ಸಿಕ್ಕಿದ ಕಾರಿನವರು, ಇಷ್ಟು ದಾರಿ ಬರಿದೇ ಬಿದ್ದಿದೆಯಲ್ಲಾ ಎಂದು ಗೊಣಗಿದರು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲೂ ೨೦೧೯ರಲ್ಲಿ ಬಸ್ಸಿಗೆ ಪ್ರತ್ಯೇಕ ಪಥ ಬಿಟ್ಟಿದ್ದರು. ಮೆಟ್ರೋ ಕಾಮಗಾರಿ ಬಂದು ಅದು ಉಳಿಯಲಿಲ್ಲ. ೨೦೨೩ರಲ್ಲಿ ಅದೇ ಬೆಂಗಳೂರಿನಲ್ಲಿ ಇನ್ನೊಂದು ವಿವಾದ ಎದ್ದಿತು. ಆ್ಯಪ್‌ಗಳ ಮೂಲಕ ಜೊತೆಗಾರರನ್ನು ಹುಡುಕಿ, ಖಾಸಗಿ ಕಾರಿನಲ್ಲಿ ಹಣ ಪಡೆದು ಕರೆದೊಯ್ಯುವುದು ಕಾನೂನಿಗೆ ಒಪ್ಪುವುದೇ ಎಂಬುದೇ ಆ ವಿವಾದ. ತಮ್ಮ ಹೊಟ್ಟೆಯ ಮೇಲೆ ಹೊಡೆದಂತಾಗುವುದೆಂದು ಟ್ಯಾಕ್ಸಿ ಚಾಲಕರು ವಿರೋಧಿಸಿದರು. ೧೯೮೮ರ ಮೋಟಾರು ವಾಹನ ಕಾಯಿದೆಯಂತೆ ಬಾಡಿಗೆಗೆ ಜನರನ್ನು ಸಾಗಿಸುವ ವಾಹನಕ್ಕೆ ಪರವಾನಿಗೆ ಬೇಕೇಬೇಕು. ೨೦೨೦ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ಮಾರ್ಗಸೂಚಿ, ರಾಜ್ಯ ಸರಕಾರ ನಿಷೇಧಿಸದಿದ್ದರೆ, ಖಾಸಗಿ ಕಾರಿಗೂ ಮಿತವಾದ ಹಂಚಿಕೆಯ ಪ್ರಯಾಣಕ್ಕೆ ಎಡೆಗೊಟ್ಟಿತು. ಎರಡು ರಾಜ್ಯಗಳ ನಡುವೆ ನಿತ್ಯ ಓಡಾಡುವ ನಮ್ಮಂಥವರಿಗೆ ಈ ತೊಡಕು ಇನ್ನೂ ಒಂದು ಗಂಟು ಹೆಚ್ಚು.

ಆದರೆ ಹಣವಿಲ್ಲದೆ ಕೂಡಿ ಹೋಗಲು ಯಾವ ಕಾನೂನೂ ಅಡ್ಡ ಬರುವುದಿಲ್ಲ. ನಮ್ಮ ಬೇಸಾಯದಲ್ಲಿ ಮುಯ್ಯಾಳು ಎಂಬ ಪದ್ಧತಿಯಿದ್ದುದನ್ನು ಹಿರಿಯರು ಬಲ್ಲರು. ಇಂದು ನಿನ್ನ ಗದ್ದೆಯ ನಾಟಿಗೆ ನಾವು, ನಾಳೆ ನಮ್ಮ ಗದ್ದೆಗೆ ನೀನು. ಕೂಲಿಯ ಲೆಕ್ಕವಿಲ್ಲ, ಋಣದ ಲೆಕ್ಕ ಮಾತ್ರ. ಕುಂಬಳೆಯಿಂದಲೋ ಉಪ್ಪಳದಿಂದಲೋ ಮಂಗಳೂರಿನ ಬ್ಯಾಂಕು, ಕಾಲೇಜು, ಆಸ್ಪತ್ರೆಗಳಿಗೆ ನಿತ್ಯ ಕಾರಿನಲ್ಲಿ ಹೋಗುವ ನಾಲ್ವರು ಪರಿಚಿತರು, ವಾರಕ್ಕೊಬ್ಬರಂತೆ ಸರದಿಯಲ್ಲಿ ಕಾರು ತೆಗೆದರೆ, ಮೂರು ಕಾರುಗಳು ಮನೆಯಲ್ಲೇ ಉಳಿಯುತ್ತವೆ. ತೊಕ್ಕೊಟ್ಟು, ನೇತ್ರಾವತಿ ಸೇತುವೆ, ಪಂಪ್‌ವೆಲ್‌ಗಳ ಇಕ್ಕಟ್ಟು ಅಷ್ಟರಮಟ್ಟಿಗೆ ಸಡಿಲವಾಗುತ್ತದೆ.

ಸುಂಕದ ಲೆಕ್ಕವನ್ನೂ ನೋಡಬಹುದು. ೨೦೦೮ರ ಹೆದ್ದಾರಿ ಶುಲ್ಕ ನಿಯಮದಲ್ಲಿ ನಿಗದಿಯಾದ ಮೂಲದರ ಕಿಲೋಮೀಟರಿಗೆ ಕಾರಿಗೆ ೬೫ ಪೈಸೆ, ಬಸ್ಸಿಗೆ ೨ ರೂಪಾಯಿ ೨೦ ಪೈಸೆ. ಬೆಲೆಯೇರಿಕೆಯೊಂದಿಗೆ ಅದು ವರ್ಷವರ್ಷವೂ ಏರುತ್ತ ಬಂದಿದೆ. ಆ ಮೂಲದರದಲ್ಲೇ ಹಂಚಿದರೆ ಒಬ್ಬನೇ ಹೋಗುವ ಕಾರಿನಲ್ಲಿ ತಲೆಗೆ ೬೫ ಪೈಸೆ, ಐವರ ಕಾರಿನಲ್ಲಿ ೧೩ ಪೈಸೆ, ಐವತ್ತು ಜನರ ಬಸ್ಸಿನಲ್ಲಿ ನಾಲ್ಕೂವರೆ ಪೈಸೆಗೂ ಕಡಿಮೆ. ಸುಂಕದ ಗೇಟಿಗೆ ಗಾಲಿಗಳು ಕಾಣುತ್ತವೆ, ತಲೆಗಳು ಕಾಣುವುದಿಲ್ಲ. ಆದರೂ ಕೂಡಿ ಹೋಗುವವನಿಗೆ ಉಳಿತಾಯ ತಾನಾಗಿಯೇ ಒದಗುತ್ತದೆ.

ಹಾಗಾದರೆ ತಲಪಾಡಿಯ ಹೆದ್ದಾರಿಯಲ್ಲೂ ವಜ್ರದ ಗುರುತು ಬರೆಯಬೇಕೆಂದು ನಾವು ಬೇಡಿಕೆ ಸಲ್ಲಿಸೋಣವೇ? ನನಗೆ ಹಾಗೆ ತೋರುವುದಿಲ್ಲ. ಪಥಶಿಸ್ತೇ ಇನ್ನೂ ಬೇರೂರದ ನಮ್ಮಲ್ಲಿ ಕಾರಿನೊಳಗೆ ತಲೆ ಎಣಿಸುತ್ತ ನಿಲ್ಲುವವರಾರು? ಜಕಾರ್ತದ ಕೂಲಿ ತಲೆಗಳು ಇಲ್ಲೂ ಹುಟ್ಟಲಾರವೆಂಬ ನಂಬಿಕೆ ನನಗಿಲ್ಲ. ಮೇಲಾಗಿ ನಮ್ಮಲ್ಲಿ ತಲೆಯೆಣಿಕೆಯಲ್ಲಿ ಎಲ್ಲರನ್ನೂ ಗೆಲ್ಲುವ ಎರಡು ವಾಹನಗಳು ಈಗಾಗಲೇ ಇವೆ. ಒಂದು, ೧೯೦೭ರಲ್ಲಿ ಮಂಗಳೂರು ಮುಟ್ಟಿದ ರೈಲು. ಬೇರೆ ಯಾವ ವಾಹನವೂ ಕಾಲಿಡದ ಕಬ್ಬಿಣದ ಕೂಡುಪಥವದು. ಸೀಸನ್ ಟಿಕೆಟು ಹಿಡಿದ ನೌಕರರೂ ವಿದ್ಯಾರ್ಥಿಗಳೂ ಬೆಳಗಿನ ಗಾಡಿಗಳಲ್ಲಿ ನೇತಾಡುತ್ತ ಹೋಗುವುದೇ ಅದರ ಬೆಲೆಗೆ ಸಾಕ್ಷಿ. ಇನ್ನೊಂದು, ಕೇರಳ ಕರ್ನಾಟಕಗಳ ಎರಡು ಸಾರಿಗೆ ಸಂಸ್ಥೆಗಳ ಬಸ್ಸು.

ಅಪಾಯವಿರುವುದೂ ಇಲ್ಲಿಯೇ. ಕೈಯಲ್ಲಿ ಕಾಸಾಡುವವರು ಒಬ್ಬೊಬ್ಬರಾಗಿ ಬಸ್ಸಿನಿಂದ ಇಳಿದು ಕಾರು ಸೇರಿದರೆ ಬಸ್ಸಿನ ಗಳಿಕೆ ಕುಗ್ಗುತ್ತದೆ. ಗಳಿಕೆ ಕುಗ್ಗಿದರೆ ಟ್ರಿಪ್ಪುಗಳು ಕುಗ್ಗುತ್ತವೆ. ಟ್ರಿಪ್ಪು ಕುಗ್ಗಿದಂತೆ ಉಳಿದವರೂ ಹೇಗಾದರೂ ಸ್ಕೂಟರೋ ಕಾರೋ ಹೊಂದಿಸಿಕೊಳ್ಳುತ್ತಾರೆ. ಕೊನೆಗೆ ನಿಲ್ದಾಣದಲ್ಲಿ ಉಳಿಯುವವರು ಯಾರು? ಮಂಗಳೂರಿನ ಆಸ್ಪತ್ರೆಗೆ ತಿಂಗಳಿಗೊಮ್ಮೆ ಹೋಗಬೇಕಾದ ಮುದುಕಿ, ಅಲ್ಲಿನ ಕಾಲೇಜಿಗೆ ಹೋಗುವ ಬಡ ಮನೆಯ ಹುಡುಗಿ, ಅಂಗಡಿಗಳಲ್ಲಿ ದುಡಿಯುವ ಹೆಂಗಸರು. ಗಡಿಯಾಚೆಗಿನ ಕನ್ನಡದ ಬದುಕಿನೊಂದಿಗೆ ನಮ್ಮನ್ನು ಬೆಸೆದಿರುವುದು ಭಾಷಣಗಳಲ್ಲ. ಇವರನ್ನು ಹೊತ್ತೊಯ್ಯುವ ಆ ಬಸ್ಸು. ಇಷ್ಟು ಅಗಲದ ದಾರಿ ಬಂದ ಮೇಲೂ ಅವರು ಮಳೆಗೆ ನೆನೆಯುತ್ತ ಬದಿಯ ರಸ್ತೆಯಲ್ಲಿ ನಿಲ್ಲಬೇಕಾದರೆ, ರಸ್ತೆ ಬೆಳೆಯಿತೆನ್ನಬಹುದೇ ಹೊರತು ಊರು ಬೆಳೆಯಿತೆನ್ನಲಾಗದು.

ಆದುದರಿಂದ ನಮ್ಮ ಪಂಚಾಯತುಗಳು, ಯುವಕ ಸಂಘಗಳು, ಪ್ರಯಾಣಿಕರ ವೇದಿಕೆಗಳು ಕೇಳಬೇಕಾದುದು ಬಣ್ಣದ ಗೆರೆಯನ್ನಲ್ಲ. ಬಸ್ಸು ಹೆದ್ದಾರಿಯಿಂದ ಸುಲಭವಾಗಿ ಇಳಿದು ಮತ್ತೆ ಏರಲು ತಕ್ಕ ಎಡೆ, ನಿಲ್ದಾಣಕ್ಕೊಂದು ಮಾಡು, ಮುದುಕರೂ ಮಕ್ಕಳೂ ಅಂಜದೆ ಆಚೆ ಬದಿಗೆ ದಾಟುವ ದಾರಿ, ಕುಂಬಳೆ ಹೊಸಂಗಡಿಗಳಂಥ ಕಡೆ ಸ್ಕೂಟರು ನಿಲ್ಲಿಸಿ ಬಸ್ಸು ಹತ್ತಲು ಒಂದಿಷ್ಟು ಜಾಗ, ಇಷ್ಟಾದರೆ ತಲೆಯೆಣಿಕೆಯ ನ್ಯಾಯ ಬಹುಮಟ್ಟಿಗೆ ಸಂದಂತಾಗುತ್ತದೆ. ಕಾರುಳ್ಳವರು ಮಾಡಬಹುದಾದುದು ಅದಕ್ಕಿಂತಲೂ ಸುಲಭ: ಹೊರಡುವ ಮುನ್ನ ನೆರೆಮನೆಯ ಕಡೆಗೊಮ್ಮೆ ತಿರುಗಿ, “ಮಂಗಳೂರಿಗೆ ಹೋಗುತ್ತಿದ್ದೇನೆ, ಬರುವವರು ಯಾರಾದರೂ ಇದ್ದೀರಾ?” ಎಂದು ಕೇಳುವುದು.